ಬರ್ಲಾ ಮಾಮ

ತೆರೆದ ಬಾಗಿಲನ್ನೂ ತಟ್ಟುತ್ತಿದ್ದ ಮನುಷ್ಯನೆಂದರೆ ನಾನು ಕಂಡಂತೆ ಅವನೊಬ್ಬನೇ. ನಮ್ಮ ಮಹಡಿಯ ಎದುರುಕೋಣೆಗೆ ಬಾಡಿಗೆಗೆ ಬಂದಿದ್ದ, ಬಟ್ಟೆ ಒಗೆಯುವ ಮಷೀನು ರಿಪೇರಿ ಮಾಡುವ ಆ ಪರದೇಶದ ಹುಡುಗ ಹೊಸ್ತಿಲಾಚೆ ಪಾದ ಜೋಡಿಸಿ ನಿಂತು, ಬೆರಳ ಗೆಣ್ಣಿನಿಂದ ತಟ್ಟಿ, "ಬರ್ಲಾ?" ಎಂದು ಕೇಳಿ, ಒಳಗಿನಿಂದ ಉತ್ತರ ಬರುವ ತನಕ ಕದಲುತ್ತಿರಲಿಲ್ಲ. ನಾನೇ ಕರೆಸಿದ್ದರೂ ಅಷ್ಟೇ. ಮಷೀನಿನ ನೀರು ಅಡುಗೆಮನೆ ದಾಟಿ ನಡುಮನೆಯವರೆಗೆ ಹರಿಯುತ್ತಿದ್ದರೂ ಅಷ್ಟೇ.

"ಮನೆಗೆ ಬೆಂಕಿ ಬಿದ್ರೂ ಇವನು ಬೆಂಕಿನ ಕೇಳ್ಕೊಂಡೇ ಒಳಗೆ ಬರೋದು" ಎಂದು ನನ್ನ ಗಂಡ ನಗುತ್ತಿದ್ದರು. ಮಗಳು ಅವನಿಗೆ 'ಬರ್ಲಾ ಮಾಮ' ಎಂದು ಹೆಸರಿಟ್ಟಳು; ಇಡೀ ಕಟ್ಟಡಕ್ಕೆ ಅದೇ ಹೆಸರಾಯಿತು.

ಮೊಣಕಾಲು ಮುಟ್ಟುವ ಬೂದು ಕೋಟು, ಅದರ ಜೇಬು ತುಂಬ ಸ್ಕ್ರೂಡ್ರೈವರು, ಸ್ಪ್ಯಾನರು. ಅವು ಕಿಣಿಗುಡಬಾರದೆಂದು ಎರಡೂ ಜೇಬುಗಳನ್ನು ಅಂಗೈಯಿಂದ ಒತ್ತಿಹಿಡಿದು, ಮಲಗಿದ ಮಗುವನ್ನು ದಾಟಿಹೋಗುವವನಂತೆ ಸದಾ ತುದಿಗಾಲಲ್ಲಿ ನಡೆಯುತ್ತಿದ್ದ. ನಮ್ಮ ಭಾಷೆಯನ್ನು ಗಿರಾಕಿಗಳಿಂದಲೇ ಕಲಿತವನಾದ್ದರಿಂದ ಎಲ್ಲದಕ್ಕೂ ಅವನ ಸಮಾಪ್ತಿವಾಕ್ಯ ಒಂದೇ: "ಈಗ ಸರಿಹೋಯ್ತಾ ನೋಡಿ." ಮಗಳು ಕೆಮ್ಮಿದರೆ ಸಾಕು, ಜೀವ ಬಾಯಿಗೆ ತಂದುಕೊಳ್ಳುವವಳು ನಾನು; ಅವಳು ಅಳು ನಿಲ್ಲಿಸಿದಾಗಲೂ ಅವನು ನನ್ನತ್ತ ತಿರುಗಿ ಅದನ್ನೇ ಹೇಳುತ್ತಿದ್ದ.

ಒಮ್ಮೆ ಬೇಸತ್ತು ಗದರಿದೆ: "ಮನೆಯವನ ಥರ ಇದೀಯ, ಸುಮ್ನೆ ಒಳಗೆ ಬರೋಕೇನು ಧಾಡಿ?"

ಅವನು ಸ್ಕ್ರೂ ತಿರುಗಿಸುತ್ತಲೇ ಹೇಳಿದ: "ನಮ್ಮೂರಲ್ಲಿ ನಮ್ಮನೆಗೆ ಬಂದ ಸೈನಿಕರು ಕೇಳ್ಲಿಲ್ಲ ಅಕ್ಕ. ಒದ್ದು ನುಗ್ಗಿದ್ರು. ಅಮ್ಮ ಬಾಗಿಲ ಹಿಂದೇನೇ ಇದ್ಲು." ಆಮೇಲೆ ಮಷೀನಿನ ಮುಚ್ಚಳ ಹಾಕಿ, "ಈಗ ಸರಿಹೋಯ್ತಾ ನೋಡಿ" ಎಂದ.

ಅಂಥವನು, ಯುದ್ಧ ಶುರುವಾದ ಕೂಡಲೇ, ನಮ್ಮ ಸೇನೆಗೆ ಸೇರಿದ.

"ನಮ್ಮ ಯುದ್ಧ ನಿನಗ್ಯಾಕಪ್ಪ?"

"ಯುದ್ಧಕ್ಕೆ ಹೋಗಿ ಬಂದೋರ್ನ ಇಲ್ಲಿಯೋರು ಅಂತ ಬರ್ಕೋತಾರಂತೆ. ಆಮೇಲೆ ನೋಡಿ, ನಿಮ್ಮನೆಗೆ ಕೇಳ್ದೇನೇ ನುಗ್ತೀನಿ." ಅವನು ಬಾಯಿತುಂಬ ನಕ್ಕಿದ್ದನ್ನು ನೋಡಿದ್ದು ಅಂದೇ. ಕೋಟನ್ನು ನಮ್ಮ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಹೋದ.

ಸುದ್ದಿ ತಂದವನು ಅವನ ಜೊತೆಗಿದ್ದ ಲಾರಿ ಡ್ರೈವರ್. ಅವನೂ ಸೈನಿಕನೇ, ಕೈಗೆ ಬ್ಯಾಂಡೇಜು. ಕುರ್ಚಿಯ ತುದಿಯಲ್ಲಿ ಕೂತು ಹೇಳಿದ: "ಗೆದ್ದ ಊರಲ್ಲಿ ಮನೆ ಮನೆ ಹುಡುಕ್ತಾ ಇದ್ವಿ. ಬಾಗಿಲಿಗೆ ಎದುರು ನಿಲ್ಬೇಡ, ಪಕ್ಕಕ್ಕೆ ನಿಂತು ಒದಿ ಅಂತ ಅವನಿಗೆ ಹೇಳಿ ಹೇಳಿ ಸಾಕಾಗಿತ್ತಕ್ಕ. ಆ ಮನೇಲಿ ಮಗು ಅಳೋದು ಕೇಳ್ತು. ಇವನು ಬಂದೂಕು ಹೆಗಲಿಗೆ ಹಾಕ್ಕೊಂಡು, ಹೋಗಿ ಎದುರಿಗೇ ನಿಂತ. ತಟ್ಟಿದ. 'ಬರ್ಲಾ?' ಅಂದ."

"ಆಮೇಲೆ?"

"ಗುಂಡು ಬಾಗಿಲು ತೂರ್ಕೊಂಡೇ ಬಂತು. ಒಳಗೆ ಒಬ್ಬಳೇ ಹೆಂಗಸು, ಕಂಕುಳಲ್ಲಿ ಮಗು. ಅವಳಿಗೆಲ್ಲಿ ನಮ್ಮ ಭಾಷೆ ಬರ್ಬೇಕು?"

ನನ್ನ ಕೈಯಲ್ಲಿದ್ದ ಹಾಲಿನ ಲೋಟ ಹಾಗೇ ಇತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ. ಆ ಹೆಂಗಸಿಗೆ ಹಾಕಲು ಶಾಪ ಹುಡುಕಿದೆ, ಸಿಗಲಿಲ್ಲ. ಹೊರಗೆ ಬೂಟಿನ ಸದ್ದು, ಕಂಕುಳಲ್ಲಿ ನನ್ನ ಮಗಳು, ಕೈಗೆ ಸಿಕ್ಕ ಬಂದೂಕು: ನಾನಾದರೂ ಬೇರೇನು ಮಾಡುತ್ತಿದ್ದೆ? ಈ ಯೋಚನೆ ಬಂದ ಮೇಲೆ ನನ್ನನ್ನು ಕಂಡು ನಾನೇ ಬೆಚ್ಚಿದೆ.

ಅವನನ್ನು ನಮ್ಮ ಮನೆಗೇ ತಂದರು. ಅವನಿಗೆ ಬೇರೆ ಯಾರೂ ಇರಲಿಲ್ಲ. ಪೆಟ್ಟಿಗೆಗೆ ನಮ್ಮ ದೇಶದ ಬಾವುಟ ಹೊದಿಸಿದ್ದರು. ಕೊನೆಗೂ ಅವನನ್ನು ಇಲ್ಲಿಯವನೆಂದು ಬರೆದುಕೊಂಡಿದ್ದರು. ಹೊತ್ತವರು ನೇರ ಒಳಗೆ ಬಂದರು. ಬಾಗಿಲ ಹಿಂದಿನ ಕೋಟಿಗೆ ಪೆಟ್ಟಿಗೆಯ ಮೂಲೆ ತಗುಲಿ ಸ್ಪ್ಯಾನರುಗಳು ಕಿಣಿಗುಟ್ಟಿದವು. ಮಗಳು ನನ್ನ ಸೆರಗು ಜಗ್ಗಿ, "ಮಾಮ ಕೇಳ್ಲೇ ಇಲ್ಲ" ಎಂದಳು.

ಒದ್ದು ನುಗ್ಗುವವರಿಗೆ ಲೋಕದ ಎಲ್ಲ ಮನೆಗಳೂ ತಮ್ಮವೇ. ಒದೆಸಿಕೊಂಡ ಬಾಗಿಲ ಹಿಂದಿನಿಂದ ಎದ್ದುಬಂದ ಇಂಥವರು ಮಾತ್ರ, ಯಾವ ದೇಶದ ಅಂಗಿ ತೊಡಿಸಿದರೂ, ಯಾರ ಯುದ್ಧಕ್ಕೆ ಕಳಿಸಿದರೂ, ಒಳಗಿನಿಂದೊಂದು 'ಬಾ' ಕೇಳೀತೆಂದು ಬಾಗಿಲಿಗೆ ಎದೆಯೊಡ್ಡಿ ನಿಂತೇ ಇರುತ್ತಾರೆ.