ನಪಾಸಾದವರು

"ನೂರಕ್ಕೆ ತೊಂಬತ್ತು ತಗೊಂಡಿದೀಯಲ್ಲೇ! ತೊಂಬತ್ತು! ನನ್ನ ಮಗನಿಗೇ ಯಾವತ್ತೂ ಅಷ್ಟು ಬಂದಿಲ್ಲ. ಈಗ ಬಂದು ಏನೂ ಗೊತ್ತಿಲ್ಲ ಅಂತ ಬಾಯಿ ಬಡ್ಕೊಂಡ್ರೆ ಯಾರು ನಂಬ್ತಾರೆ?"

ಕುಲಸಚಿವರು ಮೇಜಿನ ಮೇಲಿದ್ದ ಕಂಪ್ಯೂಟರನ್ನು ಅಕ್ಕನ ಕಡೆ ತಿರುಗಿಸಿದರು. ಅಕ್ಕ ಬಾಗಿಲ ಬಳಿಯ ಕಾಲೊರಸಿನ ಮೇಲೇ ನಿಂತಿದ್ದಳು. ಒಳಗೆ ಹಾಸಿದ್ದ ಜಮಖಾನವನ್ನು ದಿನಾ ಬೆಳಿಗ್ಗೆ ಮಂಡಿಯೂರಿ ಉಜ್ಜುವವಳು ಅವಳೇ. ಆದರೆ ಸಾಹೇಬರು ಕುರ್ಚಿಯಲ್ಲಿದ್ದಾಗ ಅದರ ಮೇಲೆ ಕಾಲಿಡಕೂಡದೆಂದು ಮೇಸ್ತ್ರಿ ಕೆಲಸಕ್ಕೆ ಸೇರಿಸಿಕೊಂಡ ದಿನವೇ ಹೇಳಿದ್ದ. ವಿಶ್ವವಿದ್ಯಾಲಯದ ಕಸ ಬಳಿದು ಕಕ್ಕಸು ತೊಳೆಯುವ ಹೆಂಗಸರಿಗೆಲ್ಲ ಅವಳು ಅಕ್ಕ. ಒಡಹುಟ್ಟಿದ ತಂಗಿಯೂ ಅದೇ ಗುಂಪಿನಲ್ಲಿದ್ದು, ಅವಳು ಕರೆದಂತೆ ಎಲ್ಲರೂ ಕರೆದು ಅದೇ ಉಳಿದುಬಿಟ್ಟಿತ್ತು.

ಪರದೆಯ ಮೇಲೆ ಎರಡು ಮುಖಗಳಿದ್ದವು, ಅಕ್ಕನದೊಂದು, ತಂಗಿಯದೊಂದು. ತಂಗಿ ಹಲ್ಲುಬಿಟ್ಟು ನಗುತ್ತಿದ್ದಳು. ಇಬ್ಬರ ಪಕ್ಕದಲ್ಲೂ ಹಸಿರು ಅಕ್ಷರ: ರಾಸಾಯನಿಕ ಸುರಕ್ಷತೆ, ಪಾಠ ಪೂರ್ಣ, ಉತ್ತೀರ್ಣ.

"ಇದು ನಿನ್ನ ಮೂತಿ ತಾನೆ? ಇದು ನಿನ್ನ ತಂಗೀದು ತಾನೆ?"

"ಮೂತಿ ನಮ್ದೇ ಸಾಹೇಬ್ರೆ. ಪರೀಕ್ಷೆ ನಾವು ಬರ್ದಿಲ್ಲ."

"ಮತ್ತೆ ನಿಮ್ಮಪ್ಪ ಬಂದು ಬರ್ದ್ನಾ?"

ಬರೆದವನು ಮೇಸ್ತ್ರಿ. ಹುಡುಗರ ಪಾಠ, ಹಾಜರಿ, ಪರೀಕ್ಷೆ ಎಲ್ಲವೂ ಕಂಪ್ಯೂಟರಿನೊಳಗೆ ಹೋಗಿ ಸೇರಿದ ಮೇಲೆ ಅದನ್ನು ಎಲ್ಲರೂ 'ಕೋರ್ಸು' ಎಂದಷ್ಟೇ ಕರೆಯುತ್ತಿದ್ದರು. ಕಕ್ಕಸು ತೊಳೆಯುವವರೂ ಕೋರ್ಸಿನಲ್ಲಿ ಸುರಕ್ಷತೆಯ ಪಾಠ ನೋಡಿ ಪಾಸಾಗಬೇಕೆಂದು ಮೇಲಿನಿಂದ ಆದೇಶ ಬಂತು. ಇವರು ಪಾಠಕ್ಕೆ ಕೂತರೆ ಕಕ್ಕಸು ಯಾರ ಮಾವ ಬಂದು ತೊಳೆಯುತ್ತಾನೆ? ಮೇಸ್ತ್ರಿ ಎಲ್ಲರ ಗುರುತಿನ ಚೀಟಿ ಇಸಿದುಕೊಂಡು, ಎಲ್ಲರಿಗೂ ಒಂದೇ ಪಾಸ್‌ವರ್ಡು ಇಟ್ಟು, ಪೊರಕೆ ಇಡುವ ಕೋಣೆಯಲ್ಲಿ ಲ್ಯಾಪ್‌ಟಾಪು ಬಿಚ್ಚಿ ಕೂತ. ಪಾಠಗಳನ್ನು ಓಡಿಸಿ ಹಾರಿಸಿದ. ಪರೀಕ್ಷೆಗೆ ಮಾತ್ರ ಅವರವರ ಮುಖ ಬೇಕಿತ್ತು. ಒಬ್ಬೊಬ್ಬರನ್ನೇ ಕ್ಯಾಮೆರಾದ ಮುಂದೆ ಕೂರಿಸಿ, "ಅಲ್ಲಾಡ್ಬೇಡ್ವೇ ಮುಂಡೇದೆ" ಎನ್ನುತ್ತ ಪಕ್ಕದಿಂದ ಕೈಚಾಚಿ ಟಕಟಕ ಒತ್ತಿ ಮುಗಿಸಿದ. ಎಲ್ಲರಿಗೂ ನೂರು ಬಂದರೆ ಅನುಮಾನ ಬಂದೀತೆಂದು ಒಬ್ಬೊಬ್ಬರಿಗೂ ಒಂದೊಂದು ತಪ್ಪು ಮಾಡಿದ. ಹಾಗಾಗಿ ಇಡೀ ಗುಂಪಿಗೇ ತೊಂಬತ್ತು ಬಂತು.

ಹೆಂಗಸರು ಅಂದುಕೊಂಡದ್ದೇ ಬೇರೆ. ಫೋಟೋ ತೆಗೆಯುತ್ತಿದ್ದಾರೆ ಎಂದರೆ ಕೆಲಸ ಖಾಯಂ ಮಾಡುತ್ತಾರೆ ಎಂದು ಯಾರೋ ಹಬ್ಬಿಸಿದ್ದರು. ತಂಗಿ ನಲ್ಲಿಯ ಕೆಳಗೆ ಕೈ ಒದ್ದೆ ಮಾಡಿಕೊಂಡು ತಲೆ ಸವರಿಕೊಂಡಿದ್ದಳು. "ಚೆನ್ನಾಗಿ ಬಂತಾ ಮೇಸ್ತ್ರಿ? ಇನ್ನೊಂದ್ಸಲ ತೆಗೀರಿ" ಎಂದೂ ಕೇಳಿದ್ದಳು. ಆ ನಗು ಈಗ ಸಾಹೇಬರ ಮೇಜಿನ ಮೇಲೆ ಅವಳ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು.

"ಕೇಳಿಲ್ಲಿ. ಮೇಲಿನಿಂದ ತಪಾಸಣೆಯವರು ನಾಳೆ ಬರ್ತಾರೆ, ನನಗೆ ಪುರುಸೊತ್ತಿಲ್ಲ. 'ನಾವಿಬ್ಬರೂ ಪಾಠ ಕಲಿತಿದ್ವಿ, ತಂಗಿ ಗಮನ ಕೊಡದೆ ತಪ್ಪು ಮಾಡಿದಳು' ಅಂತ ಬರೆಸಿದೀನಿ. ಸಹಿ ಹಾಕು. ನಿನ್ನ ಕೆಲಸ ಉಳಿಯುತ್ತೆ. ಮನುಷ್ಯತ್ವದ ಮೇಲೆ ಅವಳನ್ನೂ ನಮ್ಮ ಆಸ್ಪತ್ರೇಲಿ ಇನ್ನು ನಾಲ್ಕು ದಿನ ಇಟ್ಕೋತೀವಿ. ಹಾಕ್ಲಿಲ್ವಾ, ಇಬ್ಬರೂ ಹೊರಗೆ."

"ನಾಲ್ಕು ದಿನ ಆದ್ಮೇಲೆ?"

"ಆದ್ಮೇಲೆ ಅವಳ ಹಣೆಬರಹ. ಕಲಿತವಳು ಮಾಡಿದ ತಪ್ಪಿಗೆ ವಿಶ್ವವಿದ್ಯಾಲಯ ಹೊಣೆಯಲ್ಲ. ನಾಳೆ ಹತ್ತಕ್ಕೆ ಬಾ. ಹೋಗುವಾಗ ಆ ಕಾಲೊರಸು ಸರಿಮಾಡು."

ಅಕ್ಕ ಬಗ್ಗಿ ಕಾಲೊರಸು ಸರಿಮಾಡಿ ಹೊರಬಂದಳು. ಮೆಟ್ಟಿಲಿಳಿಯುವಾಗ ತನ್ನ ಬೆನ್ನು ಅಷ್ಟು ಬೇಗ ಬಗ್ಗಿತಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

ಆಸ್ಪತ್ರೆ ವಿಶ್ವವಿದ್ಯಾಲಯದ್ದೇ, ಹಿಂದಿನ ಗೇಟಿನಾಚೆ ಇತ್ತು. ತಂಗಿ ಮೂಗು ಬಾಯಿ ಮುಚ್ಚುವ ಆಮ್ಲಜನಕದ ಮಾಸ್ಕು ಹಾಕಿಕೊಂಡು ದಿಂಬಿಗೊರಗಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಅವತ್ತು ಪ್ರಯೋಗಾಲಯದ ಕಟ್ಟಡದಲ್ಲಿ ಕಿಟಕಿಯಿಲ್ಲದ ಕಕ್ಕಸು ಕಟ್ಟಿಕೊಂಡಿತ್ತು. ಮೇಸ್ತ್ರಿ ಎರಡು ಕ್ಯಾನು ಕೊಟ್ಟು, "ಎರಡನ್ನೂ ಸುರಿದು ಉಜ್ಜು, ಬೇಗ ಹೋಗುತ್ತೆ" ಎಂದಿದ್ದ. ಒಂದರಲ್ಲಿ ಆಸಿಡ್, ಇನ್ನೊಂದರಲ್ಲಿ ಬ್ಲೀಚು. ಹಳದಿ ಹೊಗೆ ಎದ್ದಿತು. ಬಾಗಿಲ ಚಿಲಕ ಅವಳ ಕೈಗೆ ಸಿಗಲಿಲ್ಲ. ಅಕ್ಕ ಹೋಗಿ ಒದ್ದು ತೆರೆದಾಗ ತಂಗಿ ನೆಲದ ಮೇಲೆ ಬಾಯಿಗೆ ನೆಲ ಒರೆಸುವ ಬಟ್ಟೆ ಒತ್ತಿಕೊಂಡು ಬಿದ್ದಿದ್ದಳು.

ತಂಗಿ ಮಾಸ್ಕನ್ನು ಸ್ವಲ್ಪ ಎತ್ತಿದಳು. "ಅಕ್ಕಾ, ಜಾಸ್ತಿ ಸುರಿದ್ನಾ ನಾನು? ಬೈದ್ರಾ?"

"ಮಾತಾಡ್ಬೇಡ ಸುಮ್ನಿರು."

"ಎಲ್ಲೋ ತಪ್ಪು ಮಾಡಿರ್ತೀನಿ ಅಕ್ಕಾ. ಇಲ್ದಿದ್ರೆ ನನ್ಗೊಬ್ಳಿಗೇ ಯಾಕೆ ಹಿಂಗಾಗ್ಬೇಕು?"

ಇಷ್ಟು ಹೇಳುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು. ನರ್ಸು ಓಡಿಬಂದು ಮಾಸ್ಕು ಒತ್ತಿ ಹಿಡಿದು, "ಇದನ್ನ ತೆಗೀಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ಸಾಯ್ಬೇಕು ಅಂತಿದೀಯಾ?" ಎಂದು ಗದರಿದಳು. ಸಾಹೇಬ ಬರೆಸಿದ ಸುಳ್ಳನ್ನು ತಂಗಿ ಆಗಲೇ ನಂಬಿಕೊಂಡು ಕೂತಿದ್ದಳು.

ಮರುದಿನ ಹತ್ತಕ್ಕೆ ಅಕ್ಕ ಹೋದಳು. ಹಿಂದೆಯೇ ಉಳಿದ ಹೆಂಗಸರೂ ಮೆಟ್ಟಿಲು ಹತ್ತಿದರು. ಎಲ್ಲರಿಗಿಂತ ಹಿರಿಯಳಾದ, ಸದಾ ಗೊಣಗುವುದಕ್ಕೇ ಗೊಣಗಮ್ಮ ಎನಿಸಿಕೊಂಡಿದ್ದವಳು, "ಮೊಣಕಾಲು ನೋವು, ಈ ಹಾಳು ಕಟ್ಟಡಕ್ಕೆ ಲಿಫ್ಟಿದ್ರೂ ನಮ್ಗಿಲ್ಲ" ಎನ್ನುತ್ತ ಬಂದಳು. ಅವರು ಹೊರಗೆ ನಿಂತರು. ಅಕ್ಕ ಕಾಲೊರಸಿನ ಮೇಲೆ ನಿಂತಳು.

"ಸಹಿ ಹಾಕ್ತೀನಿ ಸಾಹೇಬ್ರೆ. ನಾನು ಕಲ್ತಿದ್ದು ಏನು ಅಂತ ಒಂದ್ಸಲ ತೋರ್ಸಿ."

ಸಾಹೇಬರಿಗೆ ನಗು ಬಂತು. ಕೋರ್ಸನ್ನು ನೋಡಿಕೊಳ್ಳುತ್ತಿದ್ದ ಕಂಪ್ಯೂಟರ್ ಮೇಡಂಗೆ, "ತೋರಿಸಮ್ಮ, ವಿದ್ಯಾರ್ಥಿನಿ ಬಂದಿದಾಳೆ" ಎಂದರು. ಪಕ್ಕದ ಸಣ್ಣ ಮೇಜಿನಲ್ಲಿ ಕೂತಿದ್ದ ಮೇಡಂ ಅಕ್ಕನ ಚೀಟಿಯ ಸಂಖ್ಯೆ ಒತ್ತಿ ಪಾಠ ತೆರೆದರು.

ಬೂಟು, ಗವಸು, ಕನ್ನಡಕ, ಮಾಸ್ಕು ಹಾಕಿಕೊಂಡ ಹೆಂಗಸೊಬ್ಬಳು ಫಳಫಳ ಹೊಳೆಯುವ ಕಕ್ಕಸಿನಲ್ಲಿ ನಿಂತಿದ್ದಳು. ಅಕ್ಕ ಇಷ್ಟು ವರ್ಷದಲ್ಲಿ ಅಂಥ ಕಕ್ಕಸನ್ನೂ ಕಂಡಿರಲಿಲ್ಲ, ಅಂಥ ಗವಸನ್ನೂ ಕಂಡಿರಲಿಲ್ಲ. ಆ ಹೆಂಗಸು ಎರಡು ಕ್ಯಾನುಗಳನ್ನು ಎತ್ತಿ ತೋರಿಸಿದಳು. ಅಕ್ಕನಿಗೆ ತಿಳಿಯುವ ಮಾತಿನಲ್ಲೇ, ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಹೇಳಿದಳು: "ಇವೆರಡನ್ನು ಯಾವತ್ತೂ ಒಟ್ಟಿಗೆ ಸುರಿಯಬೇಡಿ. ಏಳುವ ಹೊಗೆ ಪ್ರಾಣ ತೆಗೆಯುತ್ತದೆ."

ಅಷ್ಟೇ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತಿನ ಮಾತು. ಅದು ಇಷ್ಟು ದಿನವೂ ಈ ಪೆಟ್ಟಿಗೆಯೊಳಗೆ ಇತ್ತು, ಯಾರಿಗೂ ಹೇಳದೆ ಇತ್ತು. ಹೊರಗೆ ಹೆಂಗಸರಲ್ಲಿ ಯಾರೋ "ಅಯ್ಯೋ" ಎಂದರು. ಅಕ್ಕ ಜಮಖಾನದ ಮೇಲೆ ಕಾಲಿಟ್ಟು ನಡೆದುಬಂದು ಮೇಡಂ ಪಕ್ಕದ ಕುರ್ಚಿ ಎಳೆದು ಕೂತಳು.

"ಏಯ್! ಏಳೇ ಮೇಲೆ!"

"ಪರೀಕ್ಷೆ ಬರೀತೀನಿ."

"ಪಾಸಾಗಿದೀಯ ಅಂತ ಬೊಗಳ್ತಿಲ್ವಾ ನಾನು?"

"ಇನ್ನೊಂದ್ಸಲ ಬರೀಬೋದು ಸಾರ್. ಕೊನೇಲಿ ಬಂದ ಅಂಕವೇ ಉಳಿಯುತ್ತೆ" ಎಂದು ಮೇಡಂ ತಲೆಯೆತ್ತದೆ ಹೇಳಿ, ಸಾಹೇಬರು ಬಾಯಿ ತೆರೆಯುವ ಮೊದಲೇ ಒತ್ತಿಬಿಟ್ಟರು. ಕ್ಯಾಮೆರಾದ ದೀಪ ಹತ್ತಿಕೊಂಡಿತು. ಅಕ್ಕ ಅಕ್ಷರ ಕೂಡಿಸಿ ಓದಿದಳು. ಆಸಿಡ್ ಮತ್ತು ಬ್ಲೀಚನ್ನು ಬೆರೆಸಬಹುದೇ? ಅವಳು ಬೆರಳಿಟ್ಟದ್ದು 'ಹೌದು' ಎಂಬುದರ ಮೇಲೆ.

"ಥೂ, ಈಗ್ತಾನೆ ತೋರಿಸಿದ್ರಲ್ಲೇ ದನ! ಬೆರೆಸಬಾರದು ಅಂತ!"

"ಈಗ ಗೊತ್ತು ಸಾಹೇಬ್ರೆ. ಅವತ್ತು ಗೊತ್ತಿರ್ಲಿಲ್ಲ. ನಾನು ಅವತ್ತಿನ ಉತ್ತರ ಬರೀತಿದೀನಿ."

ಹತ್ತಕ್ಕೆ ಹತ್ತೂ ತಪ್ಪಾಯಿತು. ಹಸಿರು ಅಕ್ಷರ ಅಳಿಸಿಹೋಗಿ ಕೆಂಪು ಮೂಡಿತು. ಅನುತ್ತೀರ್ಣ. ತರಬೇತಿ ಮುಗಿಯುವವರೆಗೆ ಈ ಕೆಲಸಗಾರರಿಗೆ ರಾಸಾಯನಿಕಗಳನ್ನು ಕೊಡತಕ್ಕದ್ದಲ್ಲ.

ಬಾಗಿಲಲ್ಲಿ ಗಲಗಲ ಎದ್ದಿತು. ಕೋರ್ಸು ಫೋನಿನಲ್ಲೂ ತೆರೆಯುತ್ತಿತ್ತು. ತಾವೂ ಫೇಲಾಗಲು ಫೋನಿದ್ದವರು ಫೋನು ತೆಗೆದರು, ಇಲ್ಲದವರು ಇದ್ದವರ ಭುಜಕ್ಕೆ ಜೋತುಬಿದ್ದರು. ಮೇಸ್ತ್ರಿ ಇಟ್ಟ ಪಾಸ್‌ವರ್ಡು ಒಂದು ಎರಡು ಮೂರು ನಾಲ್ಕು, ಮರೆಯುವಂಥದ್ದೇನಲ್ಲ. "ಸ್ಕೂಲಿನ ಮುಖ ನೋಡ್ದೋಳಲ್ಲ ನಾನು. ಜೀವಮಾನದಲ್ಲಿ ಮೊದಲ್ನೇ ಪರೀಕ್ಷೆ, ಅದ್ರಲ್ಲೂ ಫೇಲಾಗ್ಬೇಕಂತೆ" ಎಂದು ಗೊಣಗಮ್ಮ ಗೊಣಗಿದಳು. ಸುದ್ದಿ ತಿಳಿದು ಏದುಸಿರು ಬಿಡುತ್ತ ಓಡಿಬಂದ ಮೇಸ್ತ್ರಿ ಅವಳ ಫೋನಿಗೆ ಕೈ ಹಾಕಿದ.

"ಬಿಡೇ ಬೋಸುಡಿ! ತಪಾಸಣೆಯವರು ಗೇಟಲ್ಲಿದಾರೆ, ಕಕ್ಕಸು ನಾರ್ತಿದೆ!"

"ನೀನೇ ತೊಳಿಯೋ ಬೋಳಿಮಗನೆ! ನಮ್ಮೆಲ್ಲರ ಪರೀಕ್ಷೆ ನೀನೇ ಬರ್ದಿದೀಯಲ್ಲ, ನೀನೇ ಓದ್ದೋನು!"

ಸಾಹೇಬರ ನಗು ಎಲ್ಲಿಗೋ ಹೋಗಿತ್ತು. ಅವರು ಎದ್ದುನಿಂತು ಅಕ್ಕನ ಕಡೆ ಬೆರಳು ಮಾಡಿದರು. "ನೀವೆಲ್ಲ ಫೇಲಾಗಿ ಸಾಯ್ರಿ, ನಾಳೆ ಬೇರೆಯವರನ್ನ ತರ್ತೀನಿ. ನಿನ್ನ ತಂಗಿ ಪಾಸು ಪಾಸೇ! ಅವಳ ಹೆಸರಿನ ಮುಂದೆ ಹಸಿರೇ ಇರುತ್ತೆ. ಇವತ್ತೇ ಹಾಸಿಗೆ ಖಾಲಿ ಮಾಡಿಸ್ತೀನಿ. ಮೇಡಂ, ಮುಚ್ರಿ ಆ ಕೋರ್ಸು!"

"ಮುಚ್ತೀನಿ ಸಾರ್. ಅರ್ಧ ಗಂಟೆ ಹಿಡಿಯುತ್ತೆ" ಎಂದರು ಮೇಡಂ. ಹೇಳಿದ್ದು ಸಾಹೇಬರಿಗೆ, ನೋಡಿದ್ದು ಅಕ್ಕನ ಕಡೆಗೆ.

ಅಕ್ಕ ಓಡಿದಳು. ಮೆಟ್ಟಿಲಲ್ಲಿ ಚಪ್ಪಲಿ ಕಳಚಿತು, ತಿರುಗಿ ನೋಡಲಿಲ್ಲ. ವಾರ್ಡಿನಲ್ಲಿ ನರ್ಸು ಆಚೆ ತುದಿಯ ಬೇರೊಂದು ಹಾಸಿಗೆಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಅಕ್ಕ ಹಾಸಿಗೆಯಂಚಿಗೆ ಕೂತು, ತನ್ನ ಫೋನಿನಲ್ಲಿ ಕೋರ್ಸು ತೆರೆದು ತಂಗಿಯ ಚೀಟಿಯ ಸಂಖ್ಯೆ ಒತ್ತುತ್ತಲೇ ಹೇಳಿದಳು.

"ನಿನ್ನ ತಪ್ಪಲ್ಲ ಕಣೇ. ಎರಡನ್ನೂ ಸೇರಿಸ್ಬಾರ್ದಂತೆ, ವಿಷವಂತೆ. ಪಾಠದಲ್ಲಿತ್ತು, ನಮ್ಗೆ ತೋರಿಸ್ಲೇ ಇಲ್ಲ. ನೀನು ಎಲ್ಲಾ ಕಲ್ತು ಪಾಸಾಗಿದೀಯ ಅಂತ ಬರ್ಕೊಂಡಿದಾರೆ. ಅದನ್ನ ಅಳಿಸ್ಬೇಕು. ನೀನು ಫೇಲಾಗ್ಬೇಕು. ಸುಮ್ನೆ ಇದ್ರ ಕಡೆ ನೋಡು ಸಾಕು, ನಾನು ಒತ್ತೀನಿ."

ಫೋನನ್ನು ಅವಳ ಮುಖದ ಮುಂದೆ ಹಿಡಿದಳು. ಪರದೆಯ ಮೇಲಿನ ದುಂಡು ಗೆರೆ ಸುತ್ತಿ ಸುತ್ತಿ ನಿಂತಿತು. ಮುಖ ಹೊಂದುತ್ತಿಲ್ಲ. ಮಾಸ್ಕ್ ತೆಗೆಯಿರಿ. ಪರೀಕ್ಷೆ ಮುಗಿಯುವವರೆಗೆ ಮುಖ ಪೂರ್ತಿ ಕಾಣುತ್ತಿರಬೇಕು.

ಅಕ್ಕ ಫೋನು ಕೆಳಗಿಳಿಸಿದಳು. "ಬೇಡ ಬಿಡು. ಹಾಳಾಗೋಗ್ಲಿ. ಬೇರೆ ಏನಾದ್ರೂ ಮಾಡೋಣ."

ತಂಗಿ ಆ ಅಕ್ಷರಗಳನ್ನು ಓದಿಕೊಂಡಿದ್ದಳು. ಅಕ್ಕನ ಕೈಯನ್ನು ಫೋನಿನ ಸಮೇತ ಮತ್ತೆ ಮೇಲೆತ್ತಿ ನಿಲ್ಲಿಸಿದಳು. ಆಮೇಲೆ ಕಿವಿಯ ಹಿಂದಿನ ದಾರವನ್ನು ಬೆರಳಿನಿಂದ ಸರಿಸಿ ಮಾಸ್ಕನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ಕ್ಯಾಮೆರಾವನ್ನು ನೆಟ್ಟಗೆ ನೋಡಿದಳು. ಎದೆಯೊಳಗಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಗೆರೆ ಹಸಿರಾಯಿತು. ಮೊದಲನೇ ಪ್ರಶ್ನೆ ಬಂತು. ಅಕ್ಕ ಒತ್ತಲು ಹೋದರೆ ತಂಗಿ ಬಿಡಲಿಲ್ಲ, ತಾನೇ ಬೆರಳಿಟ್ಟು ಒತ್ತಿದಳು.

ಎರಡನೇ ಪ್ರಶ್ನೆಯ ಹೊತ್ತಿಗೆ ಅವಳ ತುಟಿ ನೀಲಿಯಾಗತೊಡಗಿತು. ಅಕ್ಕ ಮಾಸ್ಕು ಎತ್ತಿಕೊಂಡು ಮುಂದೆ ಬಾಗಿದಳು. ತಂಗಿ ಅವಳ ಮಣಿಕಟ್ಟನ್ನು ಎಡಗೈಯಿಂದ ಬಿಗಿಯಾಗಿ ಹಿಡಿದು ತಡೆದಳು, ಬಲಗೈಯಿಂದ ಉತ್ತರ ಒತ್ತಿದಳು. ಇನ್ನೂ ಎಂಟು ಪ್ರಶ್ನೆಗಳಿದ್ದವು.