ಹೊಳ್ಳಿ ನೋಡುವ ಕುರಿ

ಟಿಳಕವಾಡಿಯ ರೈಲ್ವೆ ಗೇಟಿನ ಹತ್ತಿರ ಪ್ರಮಿಳಾಳ ಟೈಪಿಂಗ್ ಅಂಗಡಿ. ಹನ್ನೆರಡು ವರ್ಷದಲ್ಲಿ ಅವಳು ಟೈಪು ಮಾಡಿ ರಟ್ಟು ಕಟ್ಟಿ ಕಳಿಸಿದ ಪಿಎಚ್.ಡಿ. ಪ್ರಬಂಧಗಳು ಎಷ್ಟೋ. ತಾನು ಓದಿದ್ದು ಬರೀ ಹತ್ತನೆಯ ತರಗತಿ. ಆದರೆ ಯಾವ ಗೈಡ್ ಯಾವ ಪುಟದಲ್ಲಿ ಕೆಂಪು ಗೆರೆ ಎಳೆಯುತ್ತಾರೆ ಎಂಬುದು ಬರೆದವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

ಗುರುವಾರ ಶಿವಬಸವ ನಗರದ ಪೂರ್ಣಿಮಾ ಪ್ರಬಂಧದ ಕಟ್ಟನ್ನು ಎದೆಗವುಚಿಕೊಂಡು ಬಂದು ಸ್ಟೂಲಿನ ಮೇಲೆ ಕುಸಿದಳು. ಖಾನಾಪುರದ ಕಡೆಯ ಕುರುಬರ ಮನೆಗಳ ಗೋಡೆಚಿತ್ರಗಳ ಮೇಲೆ ನಾಲ್ಕು ವರ್ಷ ದುಡಿದ ಹುಡುಗಿ.

"ಅಕ್ಕಾರ, ಗೈಡ್ ಮೇಡಂ ಸಹಿ ಮಾಡಲಿಲ್ರಿ. ಶನಿವಾರದೊಳಗ ಚಿತ್ರದ ಅಡಿಬರಹ ಸರಿ ಮಾಡದಿದ್ರ ಇನ್ನ ಆರು ತಿಂಗಳು ಕಾಯಬೇಕ್ರಿ."

ಕುರಿ ಹಿಂಡಿನ ಮೂರೂ ಚಿತ್ರಗಳ ಕೆಳಗೆ 'ಕುರಿಗಳು, ಖಾನಾಪುರ' ಎಂದಷ್ಟೇ ಇತ್ತು. ಪಕ್ಕದಲ್ಲಿ ಮೇಡಂ ಕೇಳಿದ್ದರು: ಯಾರು ಬರೆದದ್ದು? ಯಾವಾಗ? ಯಾವ ಬಣ್ಣ? ಎಲ್ಲಿದೆ? ಫೋಟೋ ಯಾರದು?

"ಇಷ್ಟ ಹೌದಿಲ್ಲೋ? ಚಾ ಕುಡಿ ತಂಗಿ. ನೀ ಹೇಳ್ಕೋತ ಹೋಗು, ನಾ ಟೈಪ್ ಹೊಡ್ಕೋತ ಹೋಗ್ತೇನಿ."

ಪೂರ್ಣಿಮಾ ಒಂದೊಂದೇ ಫೋಟೋ ದೊಡ್ಡದು ಮಾಡಿ ನೋಡಿದಳು. ಪ್ರತಿ ಗೋಡೆಯ ಮೂಲೆಯಲ್ಲೂ ಒಂದು ಹೆಸರಿತ್ತು. "ಒಂದನೇದು ಬೀರಣ್ಣ. ಎರಡನೇದು ರಾಮಲಿಂಗ. ಮೂರನೇದು ಲಕ್ಷ್ಮಣ."

ಮೂರನೆಯದಕ್ಕೆ ಪ್ರಮಿಳಾಳ ಬೆರಳು ನಿಂತಿತು. ಅವಳು ಮೂರೂ ಫೋಟೋಗಳನ್ನು ಪರದೆಯ ಮೇಲೆ ಸಾಲಾಗಿ ಇಟ್ಟಳು. ಮೂರು ಹಿಂಡಿನಲ್ಲೂ ಕೊನೆಯ ಕುರಿ ಕತ್ತು ಹೊರಳಿಸಿ ಹಿಂದೆ ನೋಡುತ್ತಿತ್ತು. ಅದರ ಕೊರಳಲ್ಲಿ ಅವೇ ಮೂರು ಚುಕ್ಕೆ.

"ಇವರು ಮೂವರೂ ಒಬ್ಬರ ಕೈಯಾಗ ಕಲತಾರೇನ?"

"ಕೇಳಿಲ್ರಿ. ಗ್ವಾಡಿ ಮ್ಯಾಲ ಹೆಸರ ಇತ್ತಲ್ರಿ."

"ನನ್ನ ಅಂಗಡಿ ಬೋರ್ಡಿನ ಮ್ಯಾಲ ನನ್ನ ಹೆಸರೈತಿ. ಬೋರ್ಡ್ ಬರದಾವ ಪೇಂಟರ್ ಶಿವಲಿಂಗ."

ಪೂರ್ಣಿಮಾಳ ಮುಖ ಬಿಳಿಚಿಕೊಂಡಿತು. "ಅನಾಮಿಕ ಕಲಾವಿದ ಅಂತ ಹಾಕಿಬಿಡೂಣ್ರಿ. ಮೂರಕ್ಕೂ ನಡೀತೈತಿ."

"ಸತ್ತು ನೂರು ವರ್ಷ ಆದವರಿಗೆ ಹಾಕವ್ವಾ ಅದನ್ನ. ಇವರ ಊರಿಗೆ ಬಸ್ಸೈತಿ."

ಮರುದಿನ ಪ್ರಮಿಳಾ ಅಂಗಡಿ ತೆರೆಯಲಿಲ್ಲ. ಖಾನಾಪುರದಲ್ಲಿ ಬಸ್ಸಿಳಿದು, ಟೆಂಪೊ ಹಿಡಿದು, ಇಬ್ಬರೂ ಬೀರಣ್ಣನ ಅಂಗಳಕ್ಕೆ ಬಂದರು.

ಚಿತ್ರ ನೀನೇ ಬರೆದದ್ದೋ ಎಂಬ ಪ್ರಶ್ನೆ ಕೇಳಿ ಬೀರಣ್ಣ ನಕ್ಕುಬಿಟ್ಟ. "ನಾ ತಗದ್ರ ಕುರಿ ಹೋಗಿ ನಾಯಿ ಆಗ್ತಿತ್ರಿ! ದೀಪಾವಳಿಗೆ ಎಲ್ಲಾರ ಗ್ವಾಡಿಗೂ ಚಿತ್ರಾ ತಗಿಯಾಕಿ ನಮ್ಮ ಕಾಡವ್ವ ಚಿಗವ್ವ. ಗ್ವಾಡಿ ಯಾರದೋ ಅವರ ಹೆಸರು ಬರಿಯೂದು ನಮ್ಮ ಪದ್ಧತಿ."

ಕಾಡವ್ವ ಅಲ್ಲೇ ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತ ಕುಳಿತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಪುಸ್ತಕದಲ್ಲಿ ನಿನ್ನ ಹೆಸರು ಹಾಕುತ್ತೇವೆ ಎಂದಾಗ ಕೈ ನಿಂತಿತು.

"ಬ್ಯಾಡ ಯವ್ವಾ. ಮಂದಿ ಹೆಸರು ಅಳಸಿ ನಂದು ಹಾಕಿದ್ರ ಬರೂ ಹಬ್ಬಕ್ಕ ನನ್ನ ಯಾರು ಕರೀತಾರ?"

ಬೀರಣ್ಣನ ನಗುವೂ ಇಳಿದಿತ್ತು. "ಖರೇ ಐತ್ರಿ. ನನ್ನ ಗ್ವಾಡಿಗೆ ನನ್ನ ಹೆಸರ ಇಲ್ಲಂದ್ರ ಹೆಂಗ?"

ಪೂರ್ಣಿಮಾಳ ಕಣ್ಣು ತುಂಬಿತು. ಸುಳ್ಳು ಹೆಸರು ಹಾಕಲು ಈಗ ಮನಸ್ಸು ಬಾರದು, ನಿಜದ ಹೆಸರಿಗೆ ಒಪ್ಪಿಗೆ ಸಿಗದು. ನಾಳೆ ಶನಿವಾರ.

ಪ್ರಮಿಳಾ ವಾದಕ್ಕೆ ಇಳಿಯಲಿಲ್ಲ. ಚೀಲದಿಂದ ಹಾಳೆ ತೆಗೆದು ಬರೆದು, ನಿಧಾನವಾಗಿ ಓದಿದಳು: "ಕಲಾವಿದೆ: ಕಾಡವ್ವ. ಸುಣ್ಣ ಮತ್ತು ಕೆಮ್ಮಣ್ಣು. ಬೀರಣ್ಣನವರ ಮನೆಯ ಗೋಡೆ, ಖಾನಾಪುರ ತಾಲ್ಲೂಕು. ಛಾಯಾಚಿತ್ರ: ಪೂರ್ಣಿಮಾ." ತಲೆಯೆತ್ತಿ ಕೇಳಿದಳು, "ಯಾರ ಹೆಸರು ಅಳಸೇನಿ ಹೇಳ್ರಿ? ಚಿತ್ರ ಬರದಾಕಿ ಮೊದಲ, ಗ್ವಾಡಿ ಮಾಲಕ ಆಮ್ಯಾಲ, ಫೋಟೋ ಹೊಡದಾಕಿ ಕಡೀಕ. ಮೂರು ಮಂದಿಗೂ ಜಾಗಾ ಐತಿ."

ಬೀರಣ್ಣ ಹಾಳೆಯ ಮೇಲೆ ಬಾಗಿದ. "ಯುನಿವರ್ಸಿಟಿ ಪುಸ್ತಕದಾಗ ನನ್ನ ಮನಿ ಬರ್ತೈತೇನ್ರಿ?"

"ಬರ್ತೈತಿ. ಕಾಡವ್ವ ಹೂಂ ಅಂದ್ರ."

"ಹೂಂ ಅನ್ನ ಬೇ ಚಿಗವ್ವಾ, ಯಾಕ ಸತಾಯಿಸ್ತಿ! ರಾಮಲಿಂಗಗ, ಲಕ್ಷ್ಮಣಗ ನಾ ಹೇಳ್ತೇನಿ."

ಕಾಡವ್ವ ಬೊಚ್ಚು ಬಾಯಿ ತೆರೆದು ನಕ್ಕಳು. ಮೂರೂ ಚಿತ್ರ ಯಾವ ವರ್ಷದ್ದು ಎಂದರೆ, "ಮೊಮ್ಮಗಳು ಮೇಘಾ ಸಾಲಿಗೆ ಹೋದ ವರ್ಸ" ಎಂದಳು. ಮೇಘಾಳ ಶಾಲೆಯ ದಾಖಲಾತಿ ನೋಡಿ ಪೂರ್ಣಿಮಾ ಇಸವಿ ಬರೆದುಕೊಂಡಳು.

"ಚಿತ್ರಕ್ಕ ಹೆಸರೇನಿಡೂಣು ಆಯಿ?"

ಪ್ರಮಿಳಾ ಕೇಳಿದ್ದನ್ನು ಕಾಡವ್ವನಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಎದ್ದು ಹೋಗಿ ಗೋಡೆಯ ಕೊನೆಯ ಕುರಿಯನ್ನು ಮುಟ್ಟಿದಳು. "ಯಾರರ ಹಿಂದ ಉಳದಾರೇನು ಅಂತ ಅದು ಹೊಳ್ಳಿ ನೋಡಾಕತ್ತೈತಿ. 'ಎಲ್ಲಾರೂ ಬಂದ್ರೇನು' ಅಂತ ಬರಿ."

ಶನಿವಾರ ಸಂಜೆ ನಾಲ್ಕಕ್ಕೆ ಪೂರ್ಣಿಮಾಳ ಫೋನು ಬಂತು. "ಅಕ್ಕಾರ, ಸಹಿ ಆತ್ರಿ! ಕೃತಜ್ಞತೆ ಪುಟದಾಗ ನಿಮ್ಮ ಹೆಸರೂ ಹಾಕ್ತೇನ್ರಿ."

"ಹಾಕು, ಬ್ಯಾಡನ್ನಂಗಿಲ್ಲ. ಮೊದಲ ಆ ಚಿತ್ರದ ಪುಟ ನಾಕು ಪ್ರತಿ ತಗೀತೇನಿ. ಮೂರು ಗ್ವಾಡಿಯವರಿಗೆ, ಒಂದು ಕಾಡವ್ವಗ. ಬೀರಣ್ಣಗ ಮೊದಲ ಮುಟ್ಟಿಸು."

ಫೋನಿಟ್ಟು ಪ್ರಮಿಳಾ ಹೊರಗೆ ಬಂದು ತನ್ನ ಬೋರ್ಡನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು. ಬಲಗಡೆಯ ಮೂಲೆಯಲ್ಲಿ ಎರಡು ಬೆರಳಿನಷ್ಟು ಜಾಗ, ಒಂದು ಹೆಸರಿಗೆ ಸಾಕಾಗುವಷ್ಟು, ಖಾಲಿಯಿತ್ತು. ಪೇಂಟರ್ ಶಿವಲಿಂಗನ ನಂಬರ್ ಹುಡುಕಿ ಫೋನ್ ಹಚ್ಚಿದಳು.