ಹಸಿವನ್ನು ಮಾತಾಡಿಸುವ ಝೇವಿಯರ್

ಊಟದ ತಟ್ಟೆ ಎದುರಿಗೆ ಬಂದೊಡನೆ ಎಡಗೈಯನ್ನು ಹೊಟ್ಟೆಯ ಮೇಲಿಟ್ಟು ಕಣ್ಣು ಮುಚ್ಚುವ ಝೇವಿಯರ್ ಅವರನ್ನು ಮೊದಲ ಬಾರಿ ಕಂಡವರು, ಎಲ್ಲರ ಪ್ರಾರ್ಥನೆ ಮುಗಿದರೂ ಇವರದು ಮಾತ್ರ ಯಾಕಿಷ್ಟು ದೀರ್ಘ ಎಂದು ವಿಸ್ಮಯಪಡುತ್ತಾರೆ. ಪ್ರಾರ್ಥನೆ ಎಂದೋ ಮುಗಿದಿರುತ್ತದೆ. ಆ ಅರೆನಿಮಿಷ ಅವರು ತಮ್ಮ ಹಸಿವನ್ನು ಮಾತಾಡಿಸುತ್ತಿರುತ್ತಾರೆ.

ಕುಲಶೇಖರದಲ್ಲಿ ಮೂವತ್ತು ವರ್ಷಗಳಿಂದ ಬೇಕರಿ ನಡೆಸುತ್ತಿರುವ ಈ ಮನುಷ್ಯ ಒಂದು ಕಾಲದಲ್ಲಿ ತೊಂಬತ್ತೆಂಟು ಕಿಲೋ ತೂಗುತ್ತಿದ್ದರು. ಸರಕು ತುಂಬಿದ ದೋಣಿಯಂತೆ ಎಡಕ್ಕೂ ಬಲಕ್ಕೂ ವಾಲುವ ನಡಿಗೆ, ಮೈದಾ ಹುಡಿ ಮೆತ್ತಿದ ಬಿಳಿ ಏಪ್ರನ್, ಯಾವ ಪ್ರಶ್ನೆಗೂ "ನೋಡುವ" ಎಂಬ ಒಂದೇ ಉತ್ತರ. ಓವನ್ನಿನಿಂದ ಹೊರಬಂದ ಯಾವ ತಿನಿಸೂ ಅವರ ನಾಲಗೆಯ ಅಪ್ಪಣೆಯಿಲ್ಲದೆ ಗಾಜಿನ ಕಪಾಟು ಸೇರುತ್ತಿರಲಿಲ್ಲ. ಆ ನಾಲಗೆಯೇ ಅವರ ಅಭಿಮಾನ.

ಹೆಂಡತಿ ವೆರೋನಿಕಾರ ಮೂತ್ರಪಿಂಡಗಳು ಸೋತು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಆರಂಭವಾದಾಗ "ನನ್ನದೊಂದು ಕೊಡ್ತೇನೆ" ಎಂದರು ಝೇವಿಯರ್. ಪರೀಕ್ಷೆಗಳೆಲ್ಲ ಹೊಂದಿಬಂದವು, ತೂಕವೊಂದು ಅಡ್ಡ ನಿಂತಿತು. ಹದಿನಾಲ್ಕು ಕಿಲೋ ಇಳಿಯದೆ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲವೆಂದರು ವೈದ್ಯರು. ಅಂದು ಮಾತ್ರ ಅವರು "ನೋಡುವ" ಎನ್ನಲಿಲ್ಲ.

ಆಹಾರತಜ್ಞರು ಬರೆದುಕೊಟ್ಟ ಪಟ್ಟಿ ಗೋಡೆ ಸೇರಿತು. ಮನಸ್ಸು ಪಟ್ಟಿಯನ್ನು ಸೇರಲಿಲ್ಲ. ಮೂರು ದಿನ ಹಟದಿಂದ ಗಂಜಿ, ನಾಲ್ಕನೆಯ ದಿನ ನಿಂತಲ್ಲೇ ಐದು ಪಫ್ಸ್. ತಿಂಗಳ ಕೊನೆಗೆ ಒಂದು ಕಿಲೋ ಏರಿದ ತೂಕವನ್ನು ಕಂಡು ಆಸ್ಪತ್ರೆಯ ಆಪ್ತಸಮಾಲೋಚಕಿ ಶಮೀಮಾ ಹೇಳಿದಳು: "ಹಸಿವಿನ ಹತ್ತಿರ ಜಗಳ ಮಾಡ್ಬೇಡಿ ಅಂಕಲ್. ಬಂದ್ರೆ ಕೇಳಿ, ನೀನು ಹೊಟ್ಟೆಯಿಂದ ಬಂದದ್ದಾ, ತಲೆಯಿಂದ ಬಂದದ್ದಾ ಅಂತ. ಹತ್ತು ನಿಮಿಷ ಕಾದು ನೋಡಿ. ಮತ್ತೂ ಉಂಟಾದ್ರೆ ತಿನ್ನಿ."

"ಹಸಿವು ಎಂತ, ಮಾತಾಡ್ತದಾ?" ಎಂದು ನಕ್ಕು ಬಂದವರು, ಮರುದಿನದಿಂದ ಕೇಳತೊಡಗಿದರು. ಎರಡು ವಾರದಲ್ಲಿ ಉತ್ತರ ಸಿಕ್ಕಿತು. ಡಯಾಲಿಸಿಸ್ ಮುಗಿಸಿ, ಮಾತಾಡಲೂ ತ್ರಾಣವಿಲ್ಲದ ವೆರೋನಿಕಾರನ್ನು ಮಂಚದಲ್ಲಿ ಮಲಗಿಸಿ ಬೇಕರಿಗೆ ಮರಳಿದ ಗಳಿಗೆಯಲ್ಲೇ ಕೈ ತಟ್ಟೆಗೆ ಹೋಗುತ್ತಿತ್ತು. "ಅದು ಹಸಿವಲ್ಲಮ್ಮ, ಹೆದರಿಕೆ," ಎಂದರು ಶಮೀಮಾಳ ಎದುರು, ತಲೆ ತಗ್ಗಿಸಿ. "ಇಷ್ಟು ದಿನ ನಾನು ಹೆದರಿಕೆಗೆ ಬನ್ನು ತಿನ್ನಿಸ್ತಾ ಇದ್ದೆ."

ರುಚಿ ನೋಡುವ ಕೆಲಸದ ಬಹುಪಾಲನ್ನು ಕೌಂಟರಿನ ಗುಣವತಿಗೆ ವಹಿಸಿದರು. ತಮಗೆಂದು ಉಳಿಸಿಕೊಂಡದ್ದು ಒಂದು ಚೂರು. ಅದನ್ನು ಕಣ್ಣು ಮುಚ್ಚಿ, ನಾಲಗೆಯ ಮೇಲೆ ಕರಗುವವರೆಗೂ ಇಟ್ಟುಕೊಂಡಾಗ, ತಮ್ಮ ಹೆಸರಾಂತ ಪ್ಲಮ್ ಕೇಕಿನಲ್ಲಿ ಲವಂಗ ಅತಿಯಾಗಿದೆಯೆಂಬ ಸತ್ಯ ಇಷ್ಟು ವರ್ಷಗಳ ಬಳಿಕ ಅವರಿಗೆ ತಿಳಿಯಿತು. ಬೆಳಗ್ಗೆ ಓವನ್ ಹಚ್ಚುವ ಮುನ್ನ ಸ್ಟೂಲಿನ ಮೇಲೆ ಕೂತು ಒಂದೇ ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳುವರು: ವೆರೋನಿಕಾ, ದಿನಕ್ಕಿಷ್ಟೇ ಎಂದು ವೈದ್ಯರು ಗೊತ್ತುಮಾಡಿದ ಅಳತೆಯ ಲೋಟವಿಲ್ಲದೆ, ಬಾಯಾರಿಕೆ ತೀರುವಷ್ಟು ನೀರು ಕುಡಿಯುತ್ತಿರುವುದು. ಆಮೇಲೆ ಏಪ್ರನ್ ಕಟ್ಟುವರು. ಗಂಟು ಹಾಕಿ ಉಳಿಯುವ ಅದರ ದಾರ ತಿಂಗಳಿಂದ ತಿಂಗಳಿಗೆ ಉದ್ದವಾಗುತ್ತ ಬಂತು.

ಕ್ರಿಸ್ಮಸ್ಸಿನ ವಾರ ಸೋತರು. ಹಬ್ಬಕ್ಕೆ ಹಂಚುವ ಕುಸ್ವಾರಿನ ತಿಂಡಿಗಳಿಗೆಂದು ಕರಿದಿಟ್ಟ ಬಿಸಿ ನೆವರಿ ಕಡುಬುಗಳಲ್ಲಿ ಒಂಬತ್ತು ಮಾಯವಾದವು. ಆಪರೇಶನನ್ನು ತಾವೇ ಮುಂದಕ್ಕೆ ತಳ್ಳಿದೆವೆಂಬ ಪಾಪಭೀತಿಯಿಂದ ಮನೆಗೆ ಹೋಗಿ ಒಪ್ಪಿಕೊಂಡರು. ದಿಂಬಿಗೊರಗಿದ್ದ ವೆರೋನಿಕಾ ಕೇಳಿದರು: "ತಿಂದದ್ದು ಆಯ್ತಲ್ಲ. ಹತ್ತನೆಯದ್ದು ಯಾಕೆ ತಿನ್ಲಿಲ್ಲ, ಅದು ಹೇಳಿ."

ಝೇವಿಯರ್ ಮಂಚದ ಅಂಚಿನಲ್ಲಿ ಕೂತರು. "ನಿನ್ನ ನೆನಪಾಯ್ತು."

"ಹಾಗಾದ್ರೆ ಸೋತದ್ದು ಎಂತ? ನಾಳೆಯಿಂದ ಅಂತ ಹೇಳ್ಬೇಡಿ. ಈಗಿಂದ್ಲೇ."

ಏಪ್ರಿಲಿನಲ್ಲಿ ತಕ್ಕಡಿ ಎಂಬತ್ತಮೂರೂವರೆಯಲ್ಲಿ ನಿಂತಿತು. ಮೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಇಬ್ಬರೂ ಎದ್ದು ಬಂದರು. ಆ ಬಳಿಕ ಎರಡು ಕಿಲೋ ಮರಳಿ ಬಂದದ್ದನ್ನು ಅವರು ಯಾರಿಂದಲೂ ಮುಚ್ಚಿಡುವುದಿಲ್ಲ.

ಆಸೆಯನ್ನು ಸುಟ್ಟುಕೊಂಡವರನ್ನು ಲೋಕ ಸಂಯಮಿಗಳೆಂದು ಪೂಜಿಸುತ್ತದೆ. ಆಸೆಯನ್ನು ಜೀವಂತವಾಗಿಟ್ಟುಕೊಂಡೇ ದಿನಕ್ಕೆ ಹತ್ತಾರು ಸಲ ಅದರ ಎದುರು ಕೂತು, ಕೆಲವೊಮ್ಮೆ ಸೋತು, ಮರುಗಳಿಗೆಯಲ್ಲಿ ಮತ್ತೆ ಆರಂಭಿಸುವ ಸಂಸಾರಿಗಳ ತಪಸ್ಸಿಗೆ ಹೆಸರಿಲ್ಲ. ಅಂಥವರು ಯಾವ ವ್ರತವನ್ನೂ ಸಾರುವುದಿಲ್ಲ. ಇನ್ನೊಂದು ಜೀವಕ್ಕೆ ಜಾಗ ಬೇಕಾದಾಗ, ಸದ್ದಿಲ್ಲದೆ, ತಮ್ಮನ್ನು ತಾವು ಕೊಂಚ ಸಣ್ಣಗಾಗಿಸಿಕೊಳ್ಳುತ್ತಾರೆ.